ಶಿವಮೊಗ್ಗಕ್ಕೆ ಮನೆ ಬದಲಿಸುವ ಮುನ್ನ ಭದ್ರಾವತಿ ನೋಡಿ ಬನ್ನಿ

‘ಬೆಂಗಳೂರು ಸಾಕಾಗಿದೆ, ಶಿವಮೊಗ್ಗಕ್ಕೆ ಬಂದುಬಿಡೋಣ ಅಂತಿದ್ದೀವಿ. ಯಾವ ಏರಿಯಾ ಚೆನ್ನಾಗಿದೆ ಹೇಳಿ?’

ಶಿವಮೊಗ್ಗದಲ್ಲಿ ಇರುವ ನಮಗೆಲ್ಲ ಈಚಿನ ವರ್ಷಗಳಲ್ಲಿ ಇಂಥ ಫೋನು ಬರುವುದು ಮಾಮೂಲಾಗಿದೆ. ಕೇಳುವವರಲ್ಲಿ ಮನೆಯಿಂದಲೇ ಕಂಪ್ಯೂಟರ್ ಕೆಲಸ ಮಾಡುವ ಹುಡುಗರಿದ್ದಾರೆ, ನಿವೃತ್ತರಾದ ಮೇಷ್ಟ್ರುಗಳಿದ್ದಾರೆ. ಎಲ್ಲರಿಗಿಂತ ಹೆಚ್ಚಾಗಿ ತೀರ್ಥಹಳ್ಳಿ, ಹೊಸನಗರ, ಸಾಗರ ಕಡೆಯ ಮನೆಗಳ ಮಕ್ಕಳಿದ್ದಾರೆ. ಊರಲ್ಲಿ ಅಪ್ಪ-ಅಮ್ಮನಿಗೆ ವಯಸ್ಸಾಗಿದೆ, ಆಸ್ಪತ್ರೆ ಹತ್ತಿರ ಬೇಕು, ತೋಟವನ್ನು ಬಿಡುವ ಹಾಗಿಲ್ಲ. ನಡುವೆ ಸಿಗುವ ಊರು ಶಿವಮೊಗ್ಗ. ಅವರಿಗೆಲ್ಲ ಬಡಾವಣೆಯ ಹೆಸರು ಹೇಳುವ ಮೊದಲು ನಾನು ಇನ್ನೊಂದು ಮಾತು ಹೇಳುತ್ತೇನೆ: ಒಂದು ದಿನ ಬಿಡುವು ಮಾಡಿಕೊಂಡು ಭದ್ರಾವತಿಯನ್ನು ಸುತ್ತಿ ಬನ್ನಿ. ಇಪ್ಪತ್ತು ಕಿಲೋಮೀಟರೂ ಇಲ್ಲ. ಸೈಟು ಆಮೇಲೆ ನೋಡೋಣ.

ಬೆಳೆಯುತ್ತಿರುವುದು ಶಿವಮೊಗ್ಗ, ನಿಜ. 2013ರಲ್ಲಿ ನಗರಸಭೆ ಮಹಾನಗರ ಪಾಲಿಕೆಯಾಯಿತು. 2016ರಲ್ಲಿ ಸ್ಮಾರ್ಟ್ ಸಿಟಿ ಪಟ್ಟಿಗೆ ಸೇರಿತು. 2023ರ ಫೆಬ್ರವರಿ 27ರಂದು ಸೋಗಾನೆಯಲ್ಲಿ ರಾಷ್ಟ್ರಕವಿ ಕುವೆಂಪು ವಿಮಾನ ನಿಲ್ದಾಣದ ಉದ್ಘಾಟನೆಯಾಯಿತು. ಅದೇ ವರ್ಷ ಆಗಸ್ಟ್ 31ರಂದು ಬೆಂಗಳೂರಿನಿಂದ ಮೊದಲ ಪ್ರಯಾಣಿಕರ ವಿಮಾನ ಬಂದಿಳಿಯಿತು. ರನ್‌ವೇ ಉದ್ದ 3,200 ಮೀಟರ್. ನಿಲ್ದಾಣದ ಸುದ್ದಿ ಬಂದಂದಿನಿಂದ ಸುತ್ತಲಿನ ಹೊಲಗದ್ದೆಗಳಲ್ಲಿ ಲೇಔಟಿನ ಬೋರ್ಡುಗಳು ಎದ್ದವು. ಆದರೂ ಇಲ್ಲಿನ ಜನ ಬೆಂಗಳೂರಿಗೆ ಓಡಾಡಲು ಇಂದಿಗೂ ನೆಚ್ಚಿರುವುದು ಬೆಳಗಿನ ಜನಶತಾಬ್ದಿಯನ್ನು ಮತ್ತು ರಾತ್ರಿ ಬಸ್ಸುಗಳನ್ನು. ಮಳೆ, ಮಂಜು ಕವಿದ ದಿನ ವಿಮಾನ ಹೊತ್ತಿಗೆ ಸರಿಯಾಗಿ ಇಳಿದೀತೆಂದು ಯಾರೂ ಪಣ ಕಟ್ಟುವುದಿಲ್ಲ.

ಮಲೆನಾಡು ಎಂದುಕೊಂಡು ಬಂದವರು ಮೊದಲು ಬೆಚ್ಚುವುದು ಸೆಕೆಗೆ. ಶಿವಮೊಗ್ಗ ಮಲೆನಾಡಿನ ಹೆಬ್ಬಾಗಿಲು. ಬಾಗಿಲು ದಾಟಿ ಒಳಗೆ ಹೋದರೆ ಮಾತ್ರ ಮಲೆನಾಡು. ಬೆಂಗಳೂರು ಸಮುದ್ರಮಟ್ಟದಿಂದ 900 ಮೀಟರಿಗಿಂತ ಎತ್ತರದಲ್ಲಿದ್ದರೆ ನಮ್ಮೂರು ಇರುವುದು ಸುಮಾರು 570 ಮೀಟರಿನಲ್ಲಿ. ಮಾರ್ಚ್, ಏಪ್ರಿಲ್‌ನಲ್ಲಿ ಮಧ್ಯಾಹ್ನ ಹೊರಗೆ ಕಾಲಿಡುವ ಹಾಗಿರುವುದಿಲ್ಲ. ಆಗುಂಬೆಯ ಮಳೆಯ ಫೋಟೊ ನೋಡಿ ಮನೆ ಬದಲಿಸಿದವರು ಮೊದಲ ಬೇಸಿಗೆಯಲ್ಲೇ ಕೂಲರ್ ಕೊಳ್ಳುತ್ತಾರೆ.

ಆದರೆ ಆಗುಂಬೆಯ ಮಳೆ ಬೇರೆ ದಾರಿಯಲ್ಲಿ ನಮ್ಮನ್ನು ತಲುಪುತ್ತದೆ. ಇದನ್ನು ಹೊಸಬರು ಚೆನ್ನಾಗಿ ತಿಳಿದುಕೊಳ್ಳಬೇಕು. ಶೃಂಗೇರಿ, ಆಗುಂಬೆ, ತೀರ್ಥಹಳ್ಳಿ ಕಡೆ ಸುರಿದ ನೀರೆಲ್ಲ ತುಂಗೆಗೆ ಇಳಿದು ಗಾಜನೂರಿಗೆ ಬರುತ್ತದೆ. ಗಾಜನೂರಿನದು ಚಿಕ್ಕ ಜಲಾಶಯ, ಸುಮಾರು 3.24 ಟಿಎಂಸಿ ಅಡಿಯಷ್ಟೇ ಹಿಡಿಯುತ್ತದೆ. ಮಳೆಗಾಲದ ಶುರುವಿನಲ್ಲೇ ತುಂಬಿಬಿಡುತ್ತದೆ. ಆಮೇಲೆ ಬಂದಷ್ಟೂ ನೀರನ್ನು ಗೇಟೆತ್ತಿ ಬಿಡಲೇಬೇಕು. ಹಾಗಾಗಿ ಶಿವಮೊಗ್ಗದಲ್ಲಿ ಬಿಸಿಲು ಹೊಳೆಯುತ್ತಿದ್ದರೂ ಹೊಳೆ ಏರುತ್ತಿರುತ್ತದೆ. ಕೋರ್ಪಲಯ್ಯನ ಛತ್ರದ ಹತ್ತಿರ ನದಿಯೊಳಗೆ ಒಂದು ಕಲ್ಲಿನ ಮಂಟಪವಿದೆ. ಊರಿನವರಿಗೆ ಪ್ರವಾಹದ ಅಳತೆಗೋಲು ಅದೇ. ‘ಮಂಟಪ ಮುಳುಗ್ತಂತೆ’ ಎಂಬ ಸುದ್ದಿ ಬಂದೊಡನೆ ಜನ ಸೇತುವೆ ಮೇಲೆ ಸೇರುತ್ತಾರೆ, ತಗ್ಗಿನ ಮನೆಗಳವರು ಅಕ್ಕಿ ಮೂಟೆ, ಫ್ರಿಜ್ಜು ಮೇಲಕ್ಕೆ ಸಾಗಿಸುತ್ತಾರೆ. 2019ರ ಆಗಸ್ಟ್‌ನಲ್ಲಿ ನೀರು ಹೊಳೆದಂಡೆಯ ಬೀದಿಗಳಿಗಷ್ಟೇ ನಿಲ್ಲಲಿಲ್ಲ, ಚಾನೆಲ್ ಪಕ್ಕದ, ರಾಜಕಾಲುವೆ ಪಕ್ಕದ ಬಡಾವಣೆಗಳಿಗೂ ನುಗ್ಗಿತು.

ಆದ್ದರಿಂದ ಮನೆ ನೋಡಲು ಜುಲೈ, ಆಗಸ್ಟ್‌ನಲ್ಲಿ ಬನ್ನಿ. ಬೇಸಿಗೆಯಲ್ಲಿ ಎಲ್ಲ ಸೈಟುಗಳೂ ಚೆನ್ನಾಗಿಯೇ ಕಾಣುತ್ತವೆ. ಬೀದಿಯ ಕೊನೆಯ ಅಂಗಡಿಯವರನ್ನು, ಹಳೆಯ ಮನೆಯ ಅಜ್ಜಿಯನ್ನು ಕೇಳಿ: ಇಲ್ಲಿ ಮೊದಲು ಏನಿತ್ತು, ನೀರು ಎತ್ತ ಹರಿಯುತ್ತಿತ್ತು? ಸವಳಂಗ ರಸ್ತೆ, ಸಾಗರ ರಸ್ತೆ, ಹೊಳೆಹೊನ್ನೂರು ರಸ್ತೆ ಕಡೆಗಳಲ್ಲಿ ಊರು ಹಬ್ಬಿರುವುದು ಬಹುಪಾಲು ಗದ್ದೆಗಳ ಮೇಲೆ. ತುಂಗಾ ನಾಲೆಯ ನೀರುಂಡು ಭತ್ತ ಬೆಳೆಯುತ್ತಿದ್ದ ನೆಲ ಅದು. ಗದ್ದೆ ಎಂದರೆ ತಗ್ಗು, ತಗ್ಗೆಂದರೆ ನೀರು ನಿಲ್ಲುವ ಜಾಗ. ಅಂಥಲ್ಲಿ ಎರಡಡಿ ಮಣ್ಣು ತುಂಬಿ ಮಟ್ಟ ಮಾಡಿಸಿಕೊಂಡವರ ನೀರು ಪಕ್ಕದ ಹಳೇ ಮನೆಗೆ ನುಗ್ಗುತ್ತದೆ. ಕಣ್ಣೆದುರೇ ಇದು ನಡೆಯುತ್ತಿದೆ, ನೋಡಿದಾಗಲೆಲ್ಲ ಸಂಕಟವಾಗುತ್ತದೆ.

ಕಾಗದಪತ್ರದ ವಿಚಾರದಲ್ಲಿ ಮುಲಾಜು ಬೇಡ. ಇಲ್ಲಿ ಬಡಾವಣೆಗೆ ಮಂಜೂರಾತಿ ಕೊಡುವುದು ಶಿವಮೊಗ್ಗ-ಭದ್ರಾವತಿ ನಗರಾಭಿವೃದ್ಧಿ ಪ್ರಾಧಿಕಾರ. ಎಲ್ಲರ ಬಾಯಲ್ಲಿ ‘ಸೂಡಾ’. ಪಾಲಿಕೆಯ ಗಡಿಯೊಳಗಾದರೆ ಇ-ಖಾತಾ, ಪಂಚಾಯಿತಿ ವ್ಯಾಪ್ತಿಯಾದರೆ ಇ-ಸ್ವತ್ತಿನ ನಮೂನೆ 9 ಮತ್ತು 11ಎ. ಮಾರುವವರು ‘11ಬಿ ಇದೆಯಲ್ಲ ಸಾರ್, ಎಲ್ಲ ಒಂದೇ’ ಎಂದರೆ ಒಂದಲ್ಲ. ಸಾಲ ಕೊಡುವಾಗ ಬ್ಯಾಂಕಿನವರೇ ಅದನ್ನು ಹೇಳುತ್ತಾರೆ, ಅಷ್ಟು ಹೊತ್ತಿಗೆ ಅಡ್ವಾನ್ಸು ಕೊಟ್ಟಾಗಿರುತ್ತದೆ.

ಮೊದಲ ವರ್ಷ ಬಾಡಿಗೆಗೆ ಇರುವುದೇ ಲೇಸು. ವಿನೋಬನಗರ, ಗೋಪಾಲಗೌಡ ಬಡಾವಣೆ, ರವೀಂದ್ರನಗರ, ರಾಜೇಂದ್ರನಗರಗಳಲ್ಲಿ ಗೇಟಿಗೆ ತೂಗುಹಾಕಿದ ಬೋರ್ಡು ನೋಡಿಕೊಂಡು ನಡೆದರೆ ಮನೆ ಸಿಗುತ್ತದೆ. ಭೋಗ್ಯಕ್ಕೆ ಕೊಡುವವರೂ ಇದ್ದಾರೆ. ಮಾಲೀಕರು ಸಾಮಾನ್ಯವಾಗಿ ಮೇಲೋ ಕೆಳಗೋ ಅದೇ ಕಟ್ಟಡದಲ್ಲಿರುತ್ತಾರೆ. ನಿಮ್ಮ ಮನೆಗೆ ಯಾರು ಬಂದರು, ಎಷ್ಟು ಹೊತ್ತಿಗೆ ಹೋದರು ಎಂಬುದು ಅವರಿಗೆ ತಿಳಿದಿರುತ್ತದೆ. ಜ್ವರ ಬಂದರೆ ಗಂಜಿಯೂ ಅಲ್ಲಿಂದಲೇ ಬರುತ್ತದೆ. ‘ಯಾವ ಜನ?’ ಎಂದು ನೇರವಾಗಿ ಕೇಳಿ, ಉತ್ತರ ಹಿಡಿಸದಿದ್ದರೆ ಮನೆ ಖಾಲಿ ಇಲ್ಲ ಎನ್ನುವವರೂ ಇದ್ದಾರೆ. ಸಮಾಜವಾದಿ ಶಾಂತವೇರಿ ಗೋಪಾಲಗೌಡರನ್ನು, ಗೇಣಿದಾರರ 1951ರ ಕಾಗೋಡು ಸತ್ಯಾಗ್ರಹವನ್ನು ಹೆಮ್ಮೆಯಿಂದ ನೆನೆಯುವ ಜಿಲ್ಲೆಯಿದು. ಇಲ್ಲಿ ಒಬ್ಬ ನರ್ಸಿಗೋ ಮೇಷ್ಟ್ರಿಗೋ ಜಾತಿಯ, ಧರ್ಮದ ಕಾರಣಕ್ಕೆ ಮನೆ ಸಿಗದೇ ಹೋಗುವುದು ನಾಚಿಕೆಯ ಸಂಗತಿ. ಇನ್ನೊಂದನ್ನೂ ಮುಚ್ಚಿಡಬಾರದು. ಹಬ್ಬದ ಮೆರವಣಿಗೆಗಳ ದಿನ ಹಳೇ ಪೇಟೆಯಲ್ಲಿ ಬಿಗಿ ಬಂದೋಬಸ್ತು ಇರುತ್ತದೆ. 2022ರ ಫೆಬ್ರವರಿಯಲ್ಲಿ ಊರು ಕರ್ಫ್ಯೂ ಕಂಡಿದೆ, ಶಾಲೆ-ಕಾಲೇಜು ಮುಚ್ಚಿವೆ. ವರ್ಷದ ಉಳಿದ ದಿನ ಗಾಂಧಿಬಜಾರಿನಲ್ಲಿ ಎಲ್ಲರೂ ಒಟ್ಟಿಗೆ ವ್ಯಾಪಾರ ಮಾಡುತ್ತಾರೆ ಎನ್ನುವುದೂ ಅಷ್ಟೇ ನಿಜ.

ಆ ಗಾಂಧಿಬಜಾರಿಗೆ ಮಾವಿನಮಿಡಿಯ ಕಾಲದಲ್ಲಿ ಹೋಗಿ. ಗೋಣಿಚೀಲ ಹಾಸಿ ಅಪ್ಪೆಮಿಡಿ ಗುಡ್ಡೆ ಹಾಕಿರುತ್ತಾರೆ, ಮಾರುವುದು ನೂರರ ಲೆಕ್ಕದಲ್ಲಿ. ಗೊತ್ತಿದ್ದವರು ಒಂದು ಮಿಡಿ ಎತ್ತಿ, ತೊಟ್ಟು ಮುರಿದು, ಚಿಮ್ಮಿದ ಸೊನೆಯನ್ನು ಮೂಸುತ್ತಾರೆ. ಜೀರಿಗೆಯ ಘಮ ಬಂದರೆ ಚೌಕಾಸಿ ಶುರು. ತೊಟ್ಟಿಲ್ಲದ ಮಿಡಿಯನ್ನು, ನೆಲಕ್ಕೆ ಬಿದ್ದು ಪೆಟ್ಟಾದದ್ದನ್ನು ಕೈಯಿಂದಲೇ ಬೇರೆ ಮಾಡುತ್ತಾರೆ. ಒಂದು ಕೆಟ್ಟರೆ ಭರಣಿಯೆಲ್ಲ ಕೆಟ್ಟಿತು. ಹೊಸದಾಗಿ ಬಂದವರು ಪಕ್ಕದ ಮನೆಯವರನ್ನು ‘ನನಗೂ ಮಿಡಿ ಆರಿಸಿಕೊಡಿ’ ಎಂದು ಕೇಳಿದರೆ ಸಾಕು, ಆ ಬೀದಿಯಲ್ಲಿ ಅವರು ಹೊರಗಿನವರಾಗಿ ಉಳಿಯುವುದಿಲ್ಲ.

ಇನ್ನು ಕೆಲಸದ ಮಾತು. ಫೋನು ಮಾಡುವವರು ಇದನ್ನು ಕೊನೆಗೆ ಕೇಳುತ್ತಾರೆ. ಮೊದಲು ಕೇಳಬೇಕಾದದ್ದು ಇದೇ. ಶಿವಮೊಗ್ಗ ನಿಂತಿರುವುದು ಅಡಿಕೆ, ಆಸ್ಪತ್ರೆ, ಕಾಲೇಜು, ಸರ್ಕಾರಿ ಕಚೇರಿಗಳ ಮೇಲೆ. 1939ರಲ್ಲಿ ಹುಟ್ಟಿದ ಅಡಿಕೆ ಬೆಳೆಗಾರರ ಸಹಕಾರ ಸಂಘ ಮ್ಯಾಮ್ಕೋಸ್ ಮತ್ತು ಎಪಿಎಂಸಿಯಲ್ಲಿ ರಾಶಿ, ಬೆಟ್ಟೆ, ಸರಕು, ಗೊರಬಲಿನ ದರ ಏರಿತೆಂದರೆ ದುರ್ಗಿಗುಡಿಯ ಬಟ್ಟೆ ಅಂಗಡಿ, ಚಿನ್ನದಂಗಡಿ, ಕಾರಿನ ಶೋರೂಮು, ಕೊನೆಗೆ ಸೈಟಿನ ದರಕ್ಕೂ ಕಳೆ ಬರುತ್ತದೆ. ಇಳಿದರೆ ಎಲ್ಲ ಸಪ್ಪೆ. ಮಾಚೇನಹಳ್ಳಿ ಕೈಗಾರಿಕಾ ಪ್ರದೇಶದಲ್ಲಿ ಫೌಂಡ್ರಿಗಳಿವೆ, ಸಿದ್ಧ ಉಡುಪಿನ ಘಟಕವಿದೆ, ಹಾಲಿನ ಡೇರಿಯಿದೆ. ಅಲ್ಲೇ ಐಟಿ ಪಾರ್ಕನ್ನೂ ಕಟ್ಟಿದ್ದಾರೆ, ಆದರೆ ಅದನ್ನು ನಂಬಿ ಇದ್ದ ಕೆಲಸ ಬಿಟ್ಟು ಬರುವ ಹೊತ್ತು ಇನ್ನೂ ಬಂದಿಲ್ಲ. ಕೈಯಲ್ಲಿ ಕೆಲಸ ಇಟ್ಟುಕೊಂಡು ಬಂದವರಿಗೆ ಈ ಊರಿನಷ್ಟು ಹಿತವಾದ ಊರು ಕಡಿಮೆ. ಬಂದಮೇಲೆ ಹುಡುಕಿದರಾಯಿತು ಎನ್ನುವವರಿಗೆ ಇದು ಕಷ್ಟದ ಊರು.

ಭದ್ರಾವತಿ ನೋಡಿ ಬನ್ನಿ ಎಂದದ್ದು ಇದಕ್ಕೇ.

ನೂರು ವರ್ಷದ ಹಿಂದೆ ಜನ ಗಂಟುಮೂಟೆ ಕಟ್ಟಿಕೊಂಡು ಬರುತ್ತಿದ್ದುದು ಶಿವಮೊಗ್ಗಕ್ಕಲ್ಲ, ಭದ್ರಾವತಿಗೆ. ಅದಕ್ಕೂ ಮುಂಚೆ ಬೆಂಕಿಪುರ ಎನ್ನಿಸಿಕೊಂಡಿದ್ದ, ಹೊಯ್ಸಳರ ಕಾಲದ ಲಕ್ಷ್ಮೀನರಸಿಂಹ ಗುಡಿಯ ಸುತ್ತಣ ಸಣ್ಣ ಊರು ಅದು. ಸರ್ ಎಂ. ವಿಶ್ವೇಶ್ವರಯ್ಯನವರ ದೂರದೃಷ್ಟಿಯಿಂದ ಮೈಸೂರು ಸಂಸ್ಥಾನ ಅಲ್ಲಿ ಕಬ್ಬಿಣದ ಕಾರ್ಖಾನೆ ಕಟ್ಟಿತು. 1923ರಲ್ಲಿ ಉತ್ಪಾದನೆ ಶುರುವಾಯಿತು. ಕೆಮ್ಮಣ್ಣುಗುಂಡಿಯಿಂದ ಅದಿರು, ಸುತ್ತಲ ಕಾಡಿನಿಂದ ಇದ್ದಿಲಿಗೆ ಮರ, ಭದ್ರೆಯಿಂದ ನೀರು. 1936ರಲ್ಲಿ ಮೈಸೂರು ಕಾಗದ ಕಾರ್ಖಾನೆ ಬಂತು. ತಮಿಳು, ತೆಲುಗು, ಮಲಯಾಳ, ಉರ್ದು ಮಾತಾಡುವ ಕುಟುಂಬಗಳು ಬಂದು ನೆಲೆಸಿ, ಮಕ್ಕಳು ಕನ್ನಡ ಶಾಲೆಗೆ ಹೋಗಿ, ಎರಡು ತಲೆಮಾರಿನಲ್ಲಿ ಎಲ್ಲರೂ ‘ಭದ್ರಾವತಿಯವರು’ ಆದರು. ಹೊರಗಿನಿಂದ ಬಂದವರನ್ನು ಇಷ್ಟು ಸಲೀಸಾಗಿ ಒಳಗೆ ಕರೆದುಕೊಂಡ ಊರು ಈ ಸೀಮೆಯಲ್ಲಿ ಮತ್ತೊಂದಿಲ್ಲ. ಕ್ರಿಕೆಟಿಗ ಜಿ.ಆರ್. ವಿಶ್ವನಾಥ್ ಹುಟ್ಟಿದ್ದು ಇಲ್ಲೇ. ಮಲೆನಾಡಿನ ಮನೆಮನೆಗೂ ಕೇಳುವ ಆಕಾಶವಾಣಿ ಕೇಂದ್ರ 1965ರಿಂದ ಇಲ್ಲಿದೆ.

ಈ ಕಾರ್ಖಾನೆಗಳ ಕಾಲೊನಿಗಳಾದ ನ್ಯೂಟೌನಿನ, ಕಾಗದನಗರದ ಬೀದಿಗಳಲ್ಲಿ ಈಗ ನಡೆದು ನೋಡಿ. ಅಗಲವಾದ ರಸ್ತೆ, ಎರಡೂ ಬದಿ ದೊಡ್ಡ ಮರಗಳು, ಪ್ರತಿ ಮನೆಗೂ ಒಂದಿಷ್ಟು ಹಿತ್ತಿಲು. ಇಷ್ಟು ಚೆಂದವಾಗಿ ಯೋಜಿಸಿದ ಬಡಾವಣೆ ಇವತ್ತಿನ ಶಿವಮೊಗ್ಗದಲ್ಲಿ ಹುಡುಕಿದರೂ ಸಿಗದು. ಆದರೆ ಸಾಲುಸಾಲು ಕ್ವಾರ್ಟರ್ಸುಗಳ ಹೆಂಚು ಜಾರಿದೆ, ಕಿಟಕಿಯ ಚೌಕಟ್ಟಿಲ್ಲ, ಬಚ್ಚಲುಮನೆಯೊಳಗೆ ಗಿಡ ಬೆಳೆದಿದೆ. ಕಾಗದ ಕಾರ್ಖಾನೆ ನಿಂತು ಸುಮಾರು ಹತ್ತು ವರ್ಷವಾಯಿತು. 1998ರಲ್ಲಿ ಭಾರತೀಯ ಉಕ್ಕು ಪ್ರಾಧಿಕಾರದಲ್ಲಿ ವಿಲೀನವಾದ ಕಬ್ಬಿಣದ ಕಾರ್ಖಾನೆ, ಅಂದರೆ ಈಗಿನ ವಿಐಎಸ್‌ಎಲ್ ಅನ್ನು ಮುಚ್ಚುವ ತೀರ್ಮಾನ 2023ರ ಜನವರಿಯಲ್ಲಿ, ಉತ್ಪಾದನೆ ಶುರುವಾಗಿ ನೂರು ತುಂಬಿದ ಹೊತ್ತಿಗೇ ಬಂತು. ಗುತ್ತಿಗೆ ಕಾರ್ಮಿಕರು ಕಾರ್ಖಾನೆಯ ಬಾಗಿಲಲ್ಲಿ ಕೂತರು, ಊರಿಗೆ ಊರೇ ಬೆನ್ನಿಗೆ ನಿಂತಿತು. ಅದೇ ವರ್ಷ ಆಗಸ್ಟ್‌ನಲ್ಲಿ ಬಾರ್ ಮಿಲ್ ಮತ್ತೆ ತಿರುಗಿತು. 2024ರಲ್ಲಿ ಕೇಂದ್ರ ಉಕ್ಕು ಸಚಿವ ಎಚ್.ಡಿ. ಕುಮಾರಸ್ವಾಮಿ ಬಂದು ನೋಡಿ ಪುನಶ್ಚೇತನದ ಮಾತಾಡಿದರು. ಜನ ಇನ್ನೂ ಕಾಯುತ್ತಿದ್ದಾರೆ.

ಜನಗಣತಿಯಲ್ಲಿ 2001ರಿಂದ 2011ಕ್ಕೆ ಶಿವಮೊಗ್ಗ 2.74 ಲಕ್ಷದಿಂದ 3.22 ಲಕ್ಷಕ್ಕೆ ಏರಿತು. ಅದೇ ಹತ್ತು ವರ್ಷದಲ್ಲಿ ಭದ್ರಾವತಿ 1.60 ಲಕ್ಷದಿಂದ 1.51 ಲಕ್ಷಕ್ಕೆ ಇಳಿಯಿತು. ಒಂದೇ ಜಿಲ್ಲೆ, ಒಂದೇ ಹೆದ್ದಾರಿ, ಒಂದೇ ನಗರಾಭಿವೃದ್ಧಿ ಪ್ರಾಧಿಕಾರ. ಕಾರ್ಖಾನೆ ಕೊಟ್ಟದ್ದನ್ನು ಕಾರ್ಖಾನೆಯೇ ಹಿಂದಕ್ಕೆ ಒಯ್ದಿತು. ಇಂದು ಶಿವಮೊಗ್ಗದಲ್ಲಿ ಏರುತ್ತಿರುವುದು ಮುಖ್ಯವಾಗಿ ನೆಲದ ಬೆಲೆ. ಶಿವಮೊಗ್ಗದ ಫೌಂಡ್ರಿಗಳು ತಲೆ ಎತ್ತಿದ್ದರ ಹಿಂದೆಯೂ ಭದ್ರಾವತಿಯ ಕಬ್ಬಿಣ ಮತ್ತು ಅಲ್ಲಿ ಪಳಗಿದ ಕೈಗಳ ಋಣವಿದೆ. ಅಂಥ ಕೆಲಸಗಾರರನ್ನು ಬೆಳೆಸುವ ಯಾವುದೂ ನೆಲದ ಬೆಲೆಯಿಂದ ಹುಟ್ಟುವುದಿಲ್ಲ.

ಮಿಕ್ಕದ್ದನ್ನು ಬೇಗ ಹೇಳಿಬಿಡುತ್ತೇನೆ. ಮೆಗ್ಗಾನ್ ಆಸ್ಪತ್ರೆ ಮತ್ತು ಅದಕ್ಕೆ ಸೇರಿದ ಸರ್ಕಾರಿ ವೈದ್ಯಕೀಯ ಕಾಲೇಜಿಗೆ ಸುತ್ತಲಿನ ಜಿಲ್ಲೆಗಳಿಂದಲೂ ರೋಗಿಗಳು ಬರುತ್ತಾರೆ. ಖಾಸಗಿ ಆಸ್ಪತ್ರೆಗಳಿಗೂ ಕೊರತೆಯಿಲ್ಲ. ಪದವಿಗೆ ಸಹ್ಯಾದ್ರಿ ಕಾಲೇಜು, ಮುಂದಕ್ಕೆ ಶಂಕರಘಟ್ಟದ ಕುವೆಂಪು ವಿಶ್ವವಿದ್ಯಾಲಯ. ಮನೆಯಿಂದ ಕೆಲಸ ಮಾಡುವವರು ಯುಪಿಎಸ್ ಇಟ್ಟುಕೊಳ್ಳಿ, ಮೆಸ್ಕಾಂನವರ ‘ನಾಳೆ ವಿದ್ಯುತ್ ವ್ಯತ್ಯಯ’ ಪ್ರಕಟಣೆಯನ್ನು ಪೇಪರಿನಲ್ಲಿ ತಪ್ಪದೆ ಓದಿ. ತೋಟ ಕೊಳ್ಳುವ, ಕಾಡು ತಿರುಗುವ ಆಸೆಯಿದ್ದವರು ಮಂಗನ ಕಾಯಿಲೆಯನ್ನು ಹಗುರವಾಗಿ ತೆಗೆದುಕೊಳ್ಳಬೇಡಿ. 1957ರಲ್ಲಿ ಅದು ಮೊದಲು ಪತ್ತೆಯಾದದ್ದು ಇದೇ ಜಿಲ್ಲೆಯ ಕ್ಯಾಸನೂರು ಕಾಡಿನಲ್ಲಿ. ಇಂದಿಗೂ ಬೇಸಿಗೆ ಬಂದರೆ ಅದನ್ನು ಹರಡುವ ಉಣ್ಣೆಯ ಭಯ ಹೋಗಿಲ್ಲ. ಸಂಜೆಗಳಿಗೆ ಕುವೆಂಪು ರಂಗಮಂದಿರವಿದೆ, ರಂಗಾಯಣವಿದೆ, 1930ರಲ್ಲಿ ಹುಟ್ಟಿದ ಕರ್ನಾಟಕ ಸಂಘವಿದೆ. ನಾಟಕಕ್ಕೆ ಜನ ಸೇರುವ ಊರಿದು. ಎರಡು ವರ್ಷಕ್ಕೊಮ್ಮೆ ಕೋಟೆ ಮಾರಿಕಾಂಬೆಯ ಜಾತ್ರೆ ಬಂದಾಗ ಆ ದಿನಗಳಲ್ಲಿ ಬೇರೆ ಕೆಲಸ ಇಟ್ಟುಕೊಳ್ಳಬೇಡಿ.

ಕೊನೆಯದಾಗಿ, ಮಾಚೇನಹಳ್ಳಿ ಅಥವಾ ಸೋಗಾನೆ ಕಡೆ ಕೆಲಸ ಸಿಕ್ಕವರಿಗೆ ಒಂದು ಸಲಹೆ. ಎರಡೂ ಇರುವುದು ಶಿವಮೊಗ್ಗ-ಭದ್ರಾವತಿಗಳ ನಡುವೆ. ಬಸ್ಸುಗಳು ಎರಡೂ ಕಡೆಯಿಂದ ಬೆಳಗಿನಿಂದ ರಾತ್ರಿವರೆಗೆ ಓಡಾಡುತ್ತವೆ, ರೈಲೂ ಇದೆ. ಹಾಗಿದ್ದಮೇಲೆ ಬಾಡಿಗೆ ಮನೆಯನ್ನು ಭದ್ರಾವತಿಯ ಜನ್ನಾಪುರದಲ್ಲೋ ಹೊಸಮನೆಯಲ್ಲೋ ಯಾಕೆ ನೋಡಬಾರದು? ಬಾಡಿಗೆ ಕಡಿಮೆ. ನಿಮ್ಮ ದಿನಸಿಯ ದುಡ್ಡು, ಮಕ್ಕಳ ಶಾಲೆಯ ಫೀಸು, ಭಾನುವಾರದ ಮಸಾಲೆದೋಸೆಯ ಬಿಲ್ಲು ಆ ಊರಿಗೆ ಈಗ ಬಹಳ ಬೇಕಾಗಿದೆ.