ವಾರಕ್ಕೆ ಆರು ಮನೆ

ಸೋಮವಾರ ವಕೀಲರ ಮನೆ. ಮಂಗಳವಾರ ಪೋಸ್ಟ್ ಮಾಸ್ತರರದು. ಬುಧವಾರ ಖಾಲಿ. ಗುರುವಾರ ಪುರೋಹಿತರ ಮನೆ, ಶುಕ್ರವಾರ ಅಕ್ಕತಂಗಿಯರಿಬ್ಬರೇ ಇದ್ದ ಮನೆ... ಮೈಸೂರಿನ ನಿವೃತ್ತ ಮೇಷ್ಟ್ರೊಬ್ಬರು ಎಪ್ಪತ್ತು ವರ್ಷದ ಹಿಂದಿನ ತಮ್ಮ ಊಟದ ವೇಳಾಪಟ್ಟಿಯನ್ನು ಮಗ್ಗಿ ಒಪ್ಪಿಸುವ ಹಾಗೆ ಹೇಳುತ್ತಾರೆ. ಬಡ ವಿದ್ಯಾರ್ಥಿಗಳು ದಿನಕ್ಕೊಂದು ಮನೆಯಲ್ಲಿ ಉಣ್ಣುತ್ತಿದ್ದ ವಾರಾನ್ನದ ಬಗ್ಗೆ ನಾಲ್ಕು ಮಾತು ಕೇಳೋಣವೆಂದು ಹೋದವನಿಗೆ ಅವರ ಮನೆಯಲ್ಲೇ ಸಂಜೆಯಾಯಿತು.

ತಂದೆ ತೀರಿಕೊಂಡಾಗ ಅವರಿಗೆ ಹನ್ನೆರಡು ವರ್ಷ. ಹಳ್ಳಿಯ ಶಾಲೆ ಮುಗಿದಿತ್ತು. ಸೋದರಮಾವ ಮೈಸೂರಿಗೆ ಕರೆತಂದು, ಅಗ್ರಹಾರದಲ್ಲಿ ಮನೆ ಮನೆಯ ಬಾಗಿಲು ತಟ್ಟಿ ‘ವಾರ’ ಗೊತ್ತುಮಾಡಿ ಹೋದರು. ಹೈಸ್ಕೂಲಿನಲ್ಲಿ ಫ್ರೀಶಿಪ್ ಸಿಕ್ಕಿತು, ಮಲಗಲು ದೇವಸ್ಥಾನದ ಹಜಾರವಿತ್ತು. ‘ಫೀಜು ದೊಡ್ಡ ಮಾತಲ್ಲ ಕಣ್ರೀ. ಊಟಕ್ಕೆ ಒಂದು ದಿಕ್ಕಾದರೆ ಓದು ತಾನಾಗೇ ನಡೀತಿತ್ತು’ ಎನ್ನುತ್ತಾರೆ ಮೇಷ್ಟ್ರು.

ಯಾರೂ ಬರೆದಿಡದ ಈ ಏರ್ಪಾಟಿಗೆ ನಿಯಮಗಳೇನೂ ಕಡಿಮೆಯಿರಲಿಲ್ಲ. ಸ್ನಾನ, ಸಂಧ್ಯಾವಂದನೆ ಮುಗಿಸಿಯೇ ಹೋಗಬೇಕು. ತೀರಾ ಮುಂಚೆ ಹೋದರೆ ಹಸಿದು ಬಂದವನೆಂಬ ಮಾತು, ತಡವಾದರೆ ಅಡುಗೆಮನೆ ತೊಳೆದಾಗಿರುತ್ತದೆ. ಇನ್ನೊಂದು ಸಲ ಸಾರು ಕೇಳುವಂತಿಲ್ಲ. ಬಾವಿಯಿಂದ ನಾಲ್ಕು ಕೊಡ ನೀರು ಸೇದಿಕೊಡುವುದು, ಕಾಫಿಬೀಜ ಪುಡಿ ಮಾಡಿಕೊಡುವುದು, ಮನೆಯ ಮಗುವಿಗೆ ಲೆಕ್ಕ ಹೇಳಿಕೊಡುವುದು ಯಾರೂ ಹೇಳದೆಯೇ ಮಾಡಬೇಕಾದ ಕೆಲಸ. ಆ ಮನೆಗೆ ಸೂತಕ ಬಂದರೆ ಹತ್ತು ದಿನ ಊಟವಿಲ್ಲ. ಬೇಸಿಗೆಯಲ್ಲಿ ಮನೆಯವರು ಊರಿಗೆ ಹೊರಟರೆ ಆ ವಾರವೂ ಹೋಯಿತು. ಬುಧವಾರದ ರಾತ್ರಿಗೆ ಕಾಸಿನ ಕಡ್ಲೆಪುರಿ, ಹೊಟ್ಟೆ ತುಂಬ ನೀರು.

ಮನೆಗಳೂ ಒಂದೇ ತೆರನಾಗಿರಲಿಲ್ಲ. ವಕೀಲರ ಮನೆಯಲ್ಲಿ ಎಲ್ಲರ ಊಟವಾದ ಮೇಲೆ ನಡುಮನೆಯ ಮೂಲೆಯಲ್ಲಿ ಎಲೆ ಹಾಕುತ್ತಿದ್ದರು. ಅಕ್ಕತಂಗಿಯರ ಮನೆ ಬಡವರದು. ಅಲ್ಲಿ ತಿಳಿಸಾರು, ಮಜ್ಜಿಗೆ ಬಿಟ್ಟರೆ ಮತ್ತೇನಿಲ್ಲ. ಆದರೆ ಎಸ್ಸೆಸ್ಸೆಲ್ಸಿ ವರ್ಷ ಆ ಮನೆಯ ಅಕ್ಕ ಎಲೆಯ ಮುಂದೆ ನಿಂತು, ‘ಬುಧವಾರ ಎಲ್ಲಿ ಉಣ್ತೀಯೋ?’ ಎಂದು ಕೇಳಿದರಂತೆ. ಹುಡುಗ ಸುಮ್ಮನಿದ್ದ. ‘ಪರೀಕ್ಷೆ ಮುಗಿಯೋ ತನಕ ಆವತ್ತೂ ಇಲ್ಲಿಗೇ ಬಾ.’ ಇಷ್ಟು ಹೇಳಿ ಮೇಷ್ಟ್ರು ಕನ್ನಡಕ ತೆಗೆದು ಒರೆಸಿಕೊಂಡರು. ಎಸ್ಸೆಸ್ಸೆಲ್ಸಿ ಪಾಸಾಯಿತು, ಮೇಷ್ಟರ ಟ್ರೈನಿಂಗ್ ಆಯಿತು, ಸರ್ಕಾರಿ ಕೆಲಸ ಸಿಕ್ಕಿತು. ಆ ಒಂದು ಸಂಬಳದಲ್ಲೇ ತಮ್ಮನ ಓದು, ತಂಗಿಯ ಮದುವೆ, ಹಳ್ಳಿಯ ಸಾಲ ಎಲ್ಲ ತೀರಿತು.

ಕಾದಂಬರಿಕಾರ ಎಸ್.ಎಲ್. ಭೈರಪ್ಪನವರ ಆತ್ಮಕಥೆ ‘ಭಿತ್ತಿ’ ಓದಿದವರಿಗೆ ಈ ಲೋಕ ಹೊಸದಲ್ಲ. ಆದರೆ ಈ ಅನ್ನಕ್ಕೆ ಜಾತಿಯ ಬೇಲಿ ಇತ್ತು. ಅಗ್ರಹಾರದ ಬಾಗಿಲು ಬ್ರಾಹ್ಮಣ ಹುಡುಗನಿಗೆ ತೆರೆಯಿತೇ ಹೊರತು ಒಕ್ಕಲು ಮಕ್ಕಳಿಗಲ್ಲ, ಕೇರಿಯ ಮಕ್ಕಳಿಗಂತೂ ಅಲ್ಲವೇ ಅಲ್ಲ. ಅವರಿಗೆ ಬೇರೆಯೇ ದಾರಿ ಬೇಕಾಯಿತು. ಮಂಗಳೂರಿನಲ್ಲಿ ಕುದ್ಮುಲ್ ರಂಗರಾಯರು ಹತ್ತೊಂಬತ್ತನೇ ಶತಮಾನದ ಕೊನೆಗೇ ದಲಿತ ಮಕ್ಕಳಿಗೆ ಶಾಲೆ ತೆರೆದು, ಸ್ವಜಾತಿಯವರಿಂದ ಬಹಿಷ್ಕಾರ ಅನುಭವಿಸಿದರು. ಮಕ್ಕಳಿಲ್ಲದ ವ್ಯಾಪಾರಿ ಗುಬ್ಬಿ ತೋಟದಪ್ಪನವರು ಬೆಂಗಳೂರು ರೈಲು ನಿಲ್ದಾಣದ ಬಳಿ ಛತ್ರ ಕಟ್ಟಿಸಿ, ಆಸ್ತಿಯನ್ನು ಪ್ರಯಾಣಿಕರಿಗೂ ವಿದ್ಯಾರ್ಥಿಗಳಿಗೂ ಬಿಟ್ಟುಹೋದರು. ಒಂದೊಂದು ಸಮುದಾಯವೂ ತನ್ನವರಿಗೆಂದು ಹಾಸ್ಟೆಲ್ ಕಟ್ಟಿಕೊಂಡಿತು. ದಲಿತ ಹುಡುಗರ ಹಾಸ್ಟೆಲಿನ ಹಸಿವೂ ನಗುವೂ ಕವಿ ಸಿದ್ಧಲಿಂಗಯ್ಯನವರ ಆತ್ಮಕಥೆ ‘ಊರುಕೇರಿ’ಯಲ್ಲಿವೆ.

ತುಮಕೂರಿನ ಸಿದ್ಧಗಂಗಾ ಮಠದ ಮಾತು ಬೇರೆ. 1930ರಲ್ಲಿ ಸನ್ಯಾಸ ಸ್ವೀಕರಿಸಿದ ಶಿವಕುಮಾರ ಸ್ವಾಮೀಜಿ ಜಾತಿ ಕೇಳದೆ ಮಕ್ಕಳನ್ನು ಸೇರಿಸಿಕೊಂಡರು. ಬರಬರುತ್ತಾ ಆ ಸಂಖ್ಯೆ ಹತ್ತು ಸಾವಿರದ ಹತ್ತಿರ ಬಂತು. ತಗಡಿನ ಟ್ರಂಕು ಹೊತ್ತು ಬಂದ ಹುಡುಗ ಅಲ್ಲಿ ಯಾರ ಮನೆಯ ಹೊಸ್ತಿಲನ್ನೂ ಕಾಯಬೇಕಿಲ್ಲ. 2019ರ ಜನವರಿ 21ರಂದು ಸ್ವಾಮೀಜಿ ಲಿಂಗೈಕ್ಯರಾದಾಗ, ಮಕ್ಕಳ ಊಟವಾಗುವ ತನಕ ಸುದ್ದಿಯನ್ನು ಹೊರಗೆ ಬಿಡಲಿಲ್ಲ. ಅದು ಅವರದೇ ಅಪ್ಪಣೆಯಾಗಿತ್ತು.

ಈಗ ಸರ್ಕಾರದ ಹಾಸ್ಟೆಲುಗಳಿವೆ. ಸೀಟು ಸಿಗದ ಹಿಂದುಳಿದ ವರ್ಗದ ವಿದ್ಯಾರ್ಥಿಗಳಿಗೆಂದು ‘ವಿದ್ಯಾಸಿರಿ’ ಯೋಜನೆ ಬಂತು: ಆರಂಭದಲ್ಲಿ ತಿಂಗಳಿಗೆ 1,500 ರೂಪಾಯಿಯಂತೆ ಹತ್ತು ತಿಂಗಳು, ಊಟಕ್ಕೂ ಬಾಡಿಗೆಗೂ ಸೇರಿಸಿ. ದಿನಕ್ಕೆ ಐವತ್ತು ರೂಪಾಯಿ ಆಯಿತು. ಪಟ್ಟಣದ ಯಾವ ಮೆಸ್ಸಿನಲ್ಲಿ ಐವತ್ತು ರೂಪಾಯಿಗೆ ಎರಡು ಹೊತ್ತಿನ ಊಟ ಹಾಕುತ್ತಾರೆ? ರೂಮಿನ ಬಾಡಿಗೆಯ ಮಾತು ಆಮೇಲಿನದು. ಓದು ಬಿಡುವ ಹುಡುಗ ದಡ್ಡನೇ ಆಗಿರಬೇಕಿಲ್ಲ, ಅವನ ವಾರದಲ್ಲೂ ಒಂದು ಬುಧವಾರ ಖಾಲಿ ಇರಬಹುದು. ಹಾಗಿದ್ದರೂ ಹಣ ನೇರ ಬ್ಯಾಂಕ್ ಖಾತೆಗೆ ಬೀಳುವುದೇ ಒಳ್ಳೆಯದು. ಅದಕ್ಕಾಗಿ ಯಾರ ಮನೆಯ ನೀರನ್ನೂ ಸೇದಬೇಕಿಲ್ಲ. ಮೊತ್ತ ಮಾತ್ರ ಹಸಿವಿನ ಲೆಕ್ಕಕ್ಕೆ ಹೊಂದಬೇಕು.

ಮೇಷ್ಟ್ರು ತಮ್ಮ ಪಿಂಚಣಿಯಲ್ಲಿ ಪ್ರತಿ ವರ್ಷ ಒಬ್ಬ ವಿದ್ಯಾರ್ಥಿಯ ಮೆಸ್ ಬಿಲ್ ಕಟ್ಟುತ್ತಾರೆ. ಜಾತಿ ಕೇಳುವುದಿಲ್ಲ, ಹಣ ಮೆಸ್ಸಿನವರ ಕೈಗೆ, ಹುಡುಗನ ಕೈಗಲ್ಲ. ಕಟ್ಟಿದವರು ಯಾರೆಂದು ಅವನಿಗೆ ಹೇಳಕೂಡದೆಂಬುದು ಅವರ ಕರಾರು.

‘ನನ್ನನ್ನ ಕಂಡಾಗ ಅವನು ತಲೆ ತಗ್ಗಿಸಬಾರದು ನೋಡಿ. ನಾನು ಬಹಳ ತಗ್ಗಿಸಿದ್ದೀನಿ’ ಎಂದರು. ಆಮೇಲೆ ಗೇಟಿನವರೆಗೆ ಬಿಡಲು ಬಂದವರು, ‘ಒಂದೇ ಕಷ್ಟ. ಪಾಸಾದನೋ ಇಲ್ಲವೋ, ನನಗೆ ಬಂದು ಹೇಳೋರೇ ಇಲ್ಲ’ ಎಂದರು.