ಲೋಗೋ ಬ್ಯಾಗಿನ ಆಯುಷ್ಯ ಎಷ್ಟು?

ಸಂಜೆ ವಿಜಯನಗರ ಮೆಟ್ರೋ ನಿಲ್ದಾಣದಲ್ಲಿ ಬ್ಯಾಗ್ ತಪಾಸಣೆ ಮಾಡುವ ಯಂತ್ರದ ಪಕ್ಕ ಒಂದು ನಿಮಿಷ ಗಮನಿಸಿ ನೋಡಿ. ಕಾಲೇಜು ಹುಡುಗಿಯ ಬೆನ್ನಚೀಲ, ಗಾರ್ಮೆಂಟ್ಸ್ ಕೆಲಸ ಮುಗಿಸಿ ಬಂದ ತಾಯಿಯ ಊಟದ ಚೀಲ, ಆಫೀಸಿನವರ ಲ್ಯಾಪ್‌ಟಾಪ್ ಬ್ಯಾಗ್. ಇವುಗಳ ನಡುವೆ ಕಂದು ಬಣ್ಣದ ಮೇಲೆ ಎಲ್ ಮತ್ತು ವಿ ಅಕ್ಷರಗಳು ಹೆಣೆದುಕೊಂಡ ಒಂದು ಹ್ಯಾಂಡ್‌ಬ್ಯಾಗ್ ಕೂಡ ಸಾಗಿ ಬರುವುದುಂಟು. ಅದು ಅಸಲಿಯೋ ನಕಲಿಯೋ ಹೇಳುವುದು ಕಷ್ಟ.

ಇಂತಹ ಬ್ಯಾಗಿನ ಫ್ಯಾಶನ್ ಎಂದಾದರೂ ಮುಗಿಯುತ್ತದೆಯೇ? ಮದುವೆಗೆಂದು ಬ್ಯಾಗ್ ಕೊಳ್ಳಲು ಹೊರಟ ಹೆಣ್ಣುಮಕ್ಕಳು ಹೀಗೆ ಕೇಳುವುದಿದೆ. ಮುಗಿಯದಿದ್ದರೆ ಹಣ ಹಾಕಬಹುದಲ್ಲ ಎಂಬ ಲೆಕ್ಕಾಚಾರ. ನಿಮ್ಮ ಮನೆಯಲ್ಲೂ ಈ ಮಾತು ಬಂದಿರಬಹುದು.

ಮೊದಲು ಆ ಅಕ್ಷರಗಳ ಕತೆ ಕೇಳಿ. ಲೂಯಿ ವಿಟಾನ್ ಪ್ಯಾರಿಸ್‌ನಲ್ಲಿ 1854ರಲ್ಲಿ ಪ್ರಯಾಣದ ಪೆಟ್ಟಿಗೆಗಳ ಅಂಗಡಿ ತೆರೆದರು. ಪೆಟ್ಟಿಗೆಗಳು ಹೆಸರು ಮಾಡುತ್ತಲೇ ಇತರರು ಅವನ್ನು ನಕಲು ಮಾಡತೊಡಗಿದರು. ಅದನ್ನು ತಡೆಯಲು 1896ರಲ್ಲಿ ಅವರ ಮಗ ಜಾರ್ಜ್, ತಂದೆಯ ಹೆಸರಿನ ಅಕ್ಷರಗಳನ್ನು ಹೂವುಗಳ ಜೊತೆ ಹೆಣೆದು ಹೊಸ ವಿನ್ಯಾಸ ಮಾಡಿದರು. ನಕಲು ತಡೆಯಲೆಂದು ಹುಟ್ಟಿದ ಗುರುತು ಇಂದು ಬೀದಿಬೀದಿಯಲ್ಲಿ ನಕಲಾಗುತ್ತಿದೆ.

ಹೋಗುತ್ತದೆ, ಮರಳಿ ಬರುತ್ತದೆ

ಆ ಮೂಲ ವಿನ್ಯಾಸ ನೂರು ವರ್ಷ ದಾಟಿ ಉಳಿದಿದೆ, ನಿಜ. ಆದರೆ ಲೋಗೋ ಬ್ಯಾಗುಗಳೆಲ್ಲ ಹಾಗೆ ಉಳಿಯಲಿಲ್ಲ. ಅದೇ ಕಂಪನಿ 2003ರಲ್ಲಿ ಜಪಾನಿನ ಕಲಾವಿದ ತಕಾಶಿ ಮುರಾಕಾಮಿಯವರಿಂದ ಬಿಳಿಯ ಮೇಲೆ ಬಣ್ಣಬಣ್ಣದ ಅಕ್ಷರಗಳ ಬ್ಯಾಗ್ ಮಾಡಿಸಿತು. ಎಲ್ಲರಿಗೂ ಅದೇ ಬೇಕಾಯಿತು. 2015ರಲ್ಲಿ ಅದನ್ನು ನಿಲ್ಲಿಸಿದರು. 2025ರಲ್ಲಿ ಮತ್ತೆ ತಂದರು. ಬ್ರಿಟನ್ನಿನ ಬರ್ಬೆರಿ ಕಂಪನಿಯ ಚೌಕಳಿ ವಿನ್ಯಾಸವು 2000ದ ಬಳಿಕ ಅಲ್ಲಿ ಎಲ್ಲರ ಮೈಮೇಲೂ ಕಾಣತೊಡಗಿದಾಗ, ಕಂಪನಿಯೇ ತನ್ನ ಹೆಚ್ಚಿನ ಸರಕುಗಳಿಂದ ಅದನ್ನು ತೆಗೆದುಹಾಕಿತು. 2023ರ ಹೊತ್ತಿಗೆ ಲೋಗೋ ಕಾಣದಿರುವುದೇ ಶ್ರೀಮಂತರ ಫ್ಯಾಶನ್ ಎಂಬ ಮಾತು ಹಬ್ಬಿತು.

ಇದರ ಗುಟ್ಟು ಸರಳ. ಎಲ್ಲರ ಬಳಿ ಇಲ್ಲ ಎಂಬುದೇ ಲೋಗೋದ ಬೆಲೆ. ಎಲ್ಲರ ಕೈಗೂ ಬಂದ ದಿನ ಶ್ರೀಮಂತರು ಬೇರೊಂದನ್ನು ಹಿಡಿಯುತ್ತಾರೆ. ಅವರ ಹಿಂದೆ ಓಡುವವರ ಪರ್ಸ್ ಮಾತ್ರ ಖಾಲಿಯಾಗುತ್ತದೆ.

ಭುಜದ ಮೇಲಿನ ಸುಳ್ಳು

ಅಸಲಿ ಬ್ಯಾಗಿಗೆ ಲಕ್ಷ ರೂಪಾಯಿ ದಾಟುತ್ತದೆ. ಹಾಗಾಗಿ ಕೆಲವು ನೂರಕ್ಕೆ ಸಿಗುವ ನಕಲಿಯೇ ಸಾಕು ಎನ್ನುವವರಿದ್ದಾರೆ. ಹೆಚ್ಚಿನವು ರೆಕ್ಸಿನ್ನಿನವು. ಒಂದೆರಡು ಮಳೆಗಾಲ ಕಳೆಯುವುದರೊಳಗೆ ಅಂಚುಗಳಲ್ಲಿ ಸಿಪ್ಪೆ ಏಳುತ್ತವೆ. ಬೇರೆಯವರ ಗುರುತನ್ನು ಸುಳ್ಳಾಗಿ ಹಾಕಿ ಮಾರುವುದು 1999ರ ಟ್ರೇಡ್ ಮಾರ್ಕ್ಸ್ ಕಾಯ್ದೆಯಡಿ ಜೈಲು ಶಿಕ್ಷೆಗೆ ಅರ್ಹವಾದ ಅಪರಾಧ.

ಅದಕ್ಕಿಂತ ದೊಡ್ಡ ಮಾತೊಂದಿದೆ. ಗಂಡ ಕೊಡದುದನ್ನು ಕೊಟ್ಟಿದ್ದಾರೆಂದು ಸವತಿಯ ಮುಂದೆ ತೋರಿಸಿಕೊಂಡರೆ ತಪ್ಪೇ ಎಂದು ಓರ್ವ ಮಹಿಳೆ ಪ್ರವಾದಿ(ಸ)ರಲ್ಲಿ ಕೇಳಿದ್ದನ್ನು ಅಸ್ಮಾ ಬಿಂತ್ ಅಬೂಬಕರ್(ರ) ವರದಿ ಮಾಡಿದ್ದಾರೆ. ಇಲ್ಲದುದನ್ನು ಇದೆಯೆಂದು ತೋರಿಸಿಕೊಳ್ಳುವವರನ್ನು ಪ್ರವಾದಿ(ಸ)ರು ಸುಳ್ಳಿನ ಉಡುಪು ತೊಟ್ಟವರಿಗೆ ಹೋಲಿಸಿದರು. ನಕಲಿ ಲೋಗೋಕ್ಕೆ ಇದಕ್ಕಿಂತ ಸರಿಯಾದ ಹೋಲಿಕೆ ಬೇಕೇ?

ಹಾಗೆಂದು ಇಸ್ಲಾಮ್ ಅಂದವನ್ನು ಬೇಡವೆಂದಿಲ್ಲ. ಒಳ್ಳೆಯ ಬಟ್ಟೆ, ಒಳ್ಳೆಯ ಪಾದರಕ್ಷೆ ಇಷ್ಟಪಡುವುದು ಅಹಂಕಾರವೇ ಎಂದು ಕೇಳಿದಾಗ ಪ್ರವಾದಿ(ಸ)ರು ಅಲ್ಲವೆಂದರು. ಸತ್ಯವನ್ನು ತಳ್ಳಿಹಾಕುವುದು ಮತ್ತು ಜನರನ್ನು ಕೀಳಾಗಿ ಕಾಣುವುದೇ ಅಹಂಕಾರವೆಂದು ತಿಳಿಸಿದರು. ಶಾದಿಮಹಲಿನಲ್ಲಿ ಬಟ್ಟೆಯ ಚೀಲ ಹಿಡಿದು ಬಂದ ಖಾಲಾ ಅದನ್ನು ಬುರ್ಖಾದ ಮರೆಯಲ್ಲಿ ಅಡಗಿಸಿ ಕೂರುವಂತಾದರೆ, ತಪ್ಪು ಆ ಚೀಲದ್ದಲ್ಲ. ಪಕ್ಕದಲ್ಲಿ ಕುಳಿತ ನಮ್ಮ ನೋಟದ್ದು. ನಮ್ಮ ಹೆಣ್ಣುಮಕ್ಕಳು ಆ ನೋಟವನ್ನು ನಮ್ಮಿಂದಲೇ ಕಲಿಯುತ್ತಾರೆ.

ಕೊಳ್ಳುವಾಗ ನೋಡಬೇಕಾದ್ದು

ಮುಂದಿನ ಸಲ ಬ್ಯಾಗ್ ಕೊಳ್ಳುವಾಗ ಹೊರಗಿನ ಅಕ್ಷರ ಓದುವ ಮೊದಲು ಒಳಗೆ ಕೈಹಾಕಿ. ಒಳಬಟ್ಟೆ ಗಟ್ಟಿಯಿದೆಯೇ? ಹಿಡಿ ಸೇರುವ ಜಾಗದಲ್ಲಿ ಹೊಲಿಗೆ ಎರಡೆರಡು ಸಲ ಬಿದ್ದಿದೆಯೇ? ಜಿಪ್ ಸಲೀಸಾಗಿ ಓಡುತ್ತದೆಯೇ? ಹರಿದರೆ ಬೀದಿಯ ಚಮ್ಮಾರ ಹೊಲಿದುಕೊಡಬಲ್ಲನೇ?

ಚರ್ಮದ್ದೇ ಬೇಕೆಂದರೆ ನಮ್ಮ ರಾಜ್ಯ ಸರ್ಕಾರದ್ದೇ ಆದ ಲಿಡ್ಕರ್ ಇದೆ. 1976ರಲ್ಲಿ ಸ್ಥಾಪನೆಯಾದ ಈ ನಿಗಮದ ಮಳಿಗೆಗಳಲ್ಲಿ ನಮ್ಮ ಕುಶಲಕರ್ಮಿಗಳು ಮಾಡಿದ ಬ್ಯಾಗುಗಳು ಸಿಗುತ್ತವೆ. ಬಣ್ಣ ಬೇಕೆಂದರೆ ಸಂಡೂರಿನ ಲಂಬಾಣಿ ಹೆಣ್ಣುಮಕ್ಕಳು ಕನ್ನಡಿ ಕೂರಿಸಿ ಕಸೂತಿ ಹಾಕಿದ ಚೀಲಗಳಿವೆ. ನಮ್ಮ ಅಜ್ಜಿಯರ ಎಲೆ ಅಡಿಕೆಯ ಬಟವೆಯಲ್ಲಿ ಯಾರ ಹೆಸರೂ ಇರಲಿಲ್ಲ. ದಾರ ಎಳೆದರೆ ಬಾಯಿ ಮುಚ್ಚುವ ಆ ಪುಟ್ಟ ಚೀಲವನ್ನು ಇಂದು ಮದುಮಗಳು ಪೋಟ್ಲಿ ಎಂಬ ಹೆಸರಿನಲ್ಲಿ ಮತ್ತೆ ಕೈಗೆ ತೂಗುಹಾಕಿಕೊಳ್ಳುತ್ತಿದ್ದಾಳೆ.

ಸಹೋದರಿ, ಲೋಗೋ ಹೋಗುತ್ತದೆ, ಬರುತ್ತದೆ. ಅದಕ್ಕಾಗಿ ಮಾಡಿದ ಸಾಲ ಮಾತ್ರ ತೀರಿಸುವವರೆಗೂ ಹೋಗುವುದಿಲ್ಲ. ಮೆಟ್ರೋದ ತಪಾಸಣೆ ಯಂತ್ರಕ್ಕೂ ಬೇಕಾದದ್ದು ಬ್ಯಾಗಿನ ಒಳಗೇನಿದೆ ಎಂಬುದೊಂದೇ. ನಾಳೆ ಅಲ್ಲಾಹನ ಮುಂದೆ ನಡೆಯುವ ತಪಾಸಣೆಯಲ್ಲೂ ಕೇಳುವುದು ಒಳಗಿನದನ್ನೇ.