ಹಳೆಯ ಅಚ್ಚಿನ ಬೆಲೆ: ಮಾದರಿ ಕಾರು ಕಿಟ್‌ಗಳ ಹವ್ಯಾಸ ಮತ್ತು ಅದರ ಹಿಂದಿನ ಉದ್ಯಮ

ಅಂಚೆಚೀಟಿ, ನಾಣ್ಯ, ಹಳೆಯ ಗಡಿಯಾರ ಮುಂತಾದವುಗಳ ಸಂಗ್ರಹ ನಮ್ಮಲ್ಲಿ ಬಹುಕಾಲದಿಂದ ಪರಿಚಿತವಾದ ಹವ್ಯಾಸ. ಅಮೆರಿಕ, ಬ್ರಿಟನ್ ಮತ್ತು ಜಪಾನ್ ದೇಶಗಳಲ್ಲಿ ಇವುಗಳಷ್ಟೇ ಗಂಭೀರವಾಗಿ ನಡೆದುಬಂದಿರುವ ಇನ್ನೊಂದು ಹವ್ಯಾಸವಿದೆ. ಅದು ಪ್ಲಾಸ್ಟಿಕ್ ಬಿಡಿಭಾಗಗಳನ್ನು ಜೋಡಿಸಿ ನಿಜವಾದ ಕಾರಿನ ಕಿರುಪ್ರತಿಯನ್ನು ನಿರ್ಮಿಸುವುದು ಮತ್ತು ದಶಕಗಳ ಹಿಂದೆ ಮಾರಾಟವಾದ ಅಂತಹ ಕಿಟ್‌ಗಳನ್ನು ಸಂಗ್ರಹಿಸುವುದು. ಮೇಲ್ನೋಟಕ್ಕೆ ಇದು ಬಿಡುವಿನ ವೇಳೆಯ ವಿನೋದ. ಆದರೆ ಇದರ ಚರಿತ್ರೆಯನ್ನು ಪರಿಶೀಲಿಸಿದಾಗ, ಕಂಪನಿಗಳು ದಿವಾಳಿಯಾದ ಮೇಲೂ ಅವುಗಳ ಅಚ್ಚುಗಳು ಹೊಸ ಮಾಲೀಕರಿಗೆ ಹಣ ದುಡಿದುಕೊಡುತ್ತಿರುವ ಅಪರೂಪದ ಉದ್ಯಮವೊಂದು ಕಣ್ಣಿಗೆ ಬೀಳುತ್ತದೆ. ಅಚ್ಚು ಮಾಡಿಸಲು ಬಂಡವಾಳ ಹೂಡುವ ಪ್ರತಿಯೊಬ್ಬ ಸಣ್ಣ ತಯಾರಕನಿಗೂ ಈ ವಿಷಯ ಉಪಯುಕ್ತವೆಂಬುದು ನಮ್ಮ ಭಾವನೆ.

ಕಿಟ್ ಎಂದರೇನು?

ಒಂದು ಸಾಮಾನ್ಯ ಕಿಟ್‌ನ ಪೆಟ್ಟಿಗೆಯಲ್ಲಿ ಪಾಲಿಸ್ಟೈರೀನ್ ಪ್ಲಾಸ್ಟಿಕ್‌ನಲ್ಲಿ ಇಂಜೆಕ್ಷನ್ ಮೋಲ್ಡಿಂಗ್ ವಿಧಾನದಿಂದ ತಯಾರಿಸಿದ ನೂರರ ಆಸುಪಾಸಿನ ಭಾಗಗಳಿರುತ್ತವೆ. ಇವು ರನ್ನರ್ ಎಂಬ ಪ್ಲಾಸ್ಟಿಕ್ ಕಡ್ಡಿಗಳ ಚೌಕಟ್ಟಿಗೆ ಅಂಟಿಕೊಂಡೇ ಬರುತ್ತವೆ. ಇವುಗಳ ಜೊತೆಗೆ ಕಿಟಕಿ ಗಾಜಿನ ಪಾರದರ್ಶಕ ಭಾಗಗಳು, ಕ್ರೋಮ್ ಹೊಳಪಿನ ಬಂಪರ್ ಮತ್ತು ಗ್ರಿಲ್, ಮೆದು ವಿನೈಲ್‌ನ ಟೈರುಗಳು, ನೀರಿನಲ್ಲಿ ನೆನೆಸಿ ಅಂಟಿಸುವ ಡಿಕ್ಯಾಲ್‌ಗಳು ಹಾಗೂ ಸೂಚನಾ ಪತ್ರ ಇರುತ್ತವೆ. ಬಣ್ಣ ಮತ್ತು ಅಂಟನ್ನು ಬೇರೆಯಾಗಿಯೇ ಕೊಳ್ಳಬೇಕು.

ಮಾದರಿಗಳ ಅಳತೆ ನಿಶ್ಚಿತ ಅನುಪಾತದಲ್ಲಿರುತ್ತದೆ. ಅಮೆರಿಕದ ಕಾರು ಕಿಟ್‌ಗಳಲ್ಲಿ 1:25 ಹೆಚ್ಚು ರೂಢಿಯಲ್ಲಿದೆ. 5 ಮೀಟರ್ ಉದ್ದದ ಕಾರು ಈ ಅನುಪಾತದಲ್ಲಿ 20 ಸೆಂಟಿಮೀಟರ್ ಆಗುತ್ತದೆ. ಜಪಾನಿನ ತಯಾರಕರು ಹೆಚ್ಚಾಗಿ ಬಳಸುವ 1:24 ಅಡಿ-ಅಂಗುಲದ ಲೆಕ್ಕದಿಂದ ಬಂದುದು, ಅಂದರೆ ಒಂದು ಅಡಿಗೆ ಅರ್ಧ ಅಂಗುಲ. ಬ್ರಿಟನ್ನಿನ ಹಳೆಯ ಕಿಟ್‌ಗಳಲ್ಲಿ 1:32 ಸಾಮಾನ್ಯ.

ಮಾರಾಟಗಾರನ ನಮೂನೆಯಿಂದ ಹುಟ್ಟಿದ ಸರಕು

ಈ ಉದ್ಯಮದ ಹುಟ್ಟು ವರ್ತಕರಿಗೆ ವಿಶೇಷ ಆಸಕ್ತಿಯ ವಿಷಯ. ಅಮೆರಿಕದ ಡೆಟ್ರಾಯಿಟ್ ಪ್ರದೇಶದಲ್ಲಿ 1948ರಲ್ಲಿ ಆರಂಭವಾದ ಎ.ಎಂ.ಟಿ. ಕಂಪನಿಯ ಪೂರ್ಣ ಹೆಸರು ಅಲ್ಯೂಮಿನಂ ಮಾಡೆಲ್ ಟಾಯ್ಸ್. ಕಾರು ವಿತರಕರು ತಮ್ಮ ಮಳಿಗೆಗಳಲ್ಲಿ ಗಿರಾಕಿಗಳಿಗೆ ತೋರಿಸಲು ಮತ್ತು ಉಡುಗೊರೆಯಾಗಿ ಕೊಡಲು ಬಳಸುತ್ತಿದ್ದ ಪ್ರಚಾರ ಮಾದರಿಗಳನ್ನು ಅದು ತಯಾರಿಸುತ್ತಿತ್ತು. ಮೊದಲು ಅಲ್ಯೂಮಿನಿಯಂ, ಅನಂತರ ಪ್ಲಾಸ್ಟಿಕ್ ಬಳಕೆಗೆ ಬಂದಿತು. ಅದೇ ಪ್ರದೇಶದ ಜೋ-ಹಾನ್ ಕಂಪನಿಯೂ ಇದೇ ವ್ಯಾಪಾರದಲ್ಲಿತ್ತು. ಸಂಸ್ಥಾಪಕ ಜಾನ್ ಹೇನ್ಲಿಯ ಹೆಸರಿನ ಅಕ್ಷರಗಳಿಂದಲೇ ಆ ಹೆಸರು ರೂಪುಗೊಂಡಿತು.

ಪ್ರಚಾರ ಮಾದರಿಗಾಗಿ ಮಾಡಿಸಿದ ದುಬಾರಿ ಅಚ್ಚು ವಿತರಕರ ಬೇಡಿಕೆ ಮುಗಿದೊಡನೆ ಸುಮ್ಮನೆ ಕೂರಬೇಕಾಗಿತ್ತು. ಅದೇ ಅಚ್ಚಿನಿಂದ ಬಿಡಿಭಾಗಗಳನ್ನು ತೆಗೆದು, ಕೆಲವು ಹೆಚ್ಚುವರಿ ಭಾಗಗಳನ್ನು ಸೇರಿಸಿ, ಜೋಡಿಸುವ ಕೆಲಸವನ್ನು ಗಿರಾಕಿಗೇ ಬಿಟ್ಟುಕೊಡುವ ಉಪಾಯವನ್ನು ಎ.ಎಂ.ಟಿ. 1958ರಲ್ಲಿ ಕಂಡುಕೊಂಡಿತು. ಒಂದೇ ಪೆಟ್ಟಿಗೆಯಿಂದ ಕಾರ್ಖಾನೆಯ ಮೂಲರೂಪ, ಅಲಂಕೃತ ರೂಪ ಅಥವಾ ಸ್ಪರ್ಧಾ ರೂಪ, ಹೀಗೆ ಮೂರರಲ್ಲಿ ಒಂದನ್ನು ಕಟ್ಟಬಹುದಾದ ‘ತ್ರೀ ಇನ್ ಒನ್’ ಕಿಟ್‌ಗಳು ಹುಡುಗರ ಮನ ಗೆದ್ದವು.

ಬ್ರಿಟನ್ನಿನ ಏರ್‌ಫಿಕ್ಸ್ ಕಂಪನಿಯ ಅನುಭವವೂ ಇದೇ ಬಗೆಯದು. ಫರ್ಗ್ಯುಸನ್ ಟ್ರ್ಯಾಕ್ಟರ್‌ನ ಮಾರಾಟ ಪ್ರತಿನಿಧಿಗಳಿಗಾಗಿ ಅದು 1949ರಲ್ಲಿ ಕಿರುಮಾದರಿಯೊಂದನ್ನು ತಯಾರಿಸಿಕೊಟ್ಟಿತು. ಜೋಡಣೆಯ ಖರ್ಚನ್ನು ಉಳಿಸುವ ಸಲುವಾಗಿ ಅದನ್ನೇ ಮುಂದೆ ಬಿಡಿಭಾಗಗಳ ರೂಪದಲ್ಲಿ ಮಾರಲಾಯಿತು. ಎರಡೂ ದೇಶಗಳಲ್ಲಿ ಒಂದು ಹೊಸ ಸರಕು ಹುಟ್ಟಿದ್ದು ಮಾರಾಟದ ನಮೂನೆಯಿಂದ ಎಂಬುದು ಗಮನಾರ್ಹ.

ವಿರಳತೆ ಎಲ್ಲಿಂದ ಬಂದಿತು?

1960ರ ದಶಕದಲ್ಲಿ ಡೆಟ್ರಾಯಿಟ್ಟಿನ ಕಾರು ಕಂಪನಿಗಳು ಪ್ರತಿ ವರ್ಷವೂ ತಮ್ಮ ಕಾರುಗಳ ಹೊರರೂಪವನ್ನು ಬದಲಿಸುತ್ತಿದ್ದವು. ಕಿಟ್ ತಯಾರಕರೂ ಅದಕ್ಕೆ ಸರಿಯಾಗಿ ‘ವಾರ್ಷಿಕ ಕಿಟ್’ಗಳನ್ನು ಹೊರತರಬೇಕಾಯಿತು. ಪ್ರತಿ ವರ್ಷ ಹೊಸ ಅಚ್ಚು ಮಾಡಿಸುವುದು ದುಬಾರಿಯಾದುದರಿಂದ ಹಿಂದಿನ ವರ್ಷದ ಉಕ್ಕಿನ ಅಚ್ಚನ್ನೇ ತಿದ್ದಿ, ಕೊರೆದು, ತುಂಬಿ ಹೊಸ ಮಾದರಿಗೆ ಹೊಂದಿಸುವ ಪದ್ಧತಿ ಬೆಳೆಯಿತು. ಹೀಗೆ ತಿದ್ದಿದ ಅಚ್ಚಿನಿಂದ ಹಳೆಯ ರೂಪವನ್ನು ಮತ್ತೆ ತೆಗೆಯಲು ಸಾಧ್ಯವಿಲ್ಲ. ಕೆಲವು ಅಚ್ಚುಗಳನ್ನು ಓಟದ ಕಾರಿನ ರೂಪಕ್ಕೆ ತಿದ್ದಿ ಮೂಲರೂಪವನ್ನೇ ಅಳಿಸಲಾಯಿತು.

ಇಂದು ಸಂಗ್ರಾಹಕರು ಹೆಚ್ಚು ಬೆಲೆ ಕೊಡುವ ಕಿಟ್‌ಗಳಲ್ಲಿ ಇಂತಹವೇ ಹೆಚ್ಚು. ಬಹಳ ಹಳೆಯದೆಂಬ ಒಂದೇ ಕಾರಣಕ್ಕೆ ಕಿಟ್‌ಗೆ ಬೆಲೆ ಬರುವುದಿಲ್ಲ. ಅದರ ಅಚ್ಚು ಈಗ ಉಳಿದಿದೆಯೇ, ಅದೇ ರೂಪದಲ್ಲಿ ಉಳಿದಿದೆಯೇ ಎಂಬುದು ಬೆಲೆಯನ್ನು ನಿರ್ಧರಿಸುವ ಮುಖ್ಯ ಪ್ರಶ್ನೆ. ಅಚ್ಚು ಉಳಿದಿದ್ದರೆ ಇಂದಲ್ಲ ನಾಳೆ ಕಿಟ್ ಮರುಮುದ್ರಣದ ಪುಸ್ತಕದಂತೆ ಮಾರುಕಟ್ಟೆಗೆ ಮರಳಬಹುದು. ಆಗ ಹಳೆಯ ಪೆಟ್ಟಿಗೆಗೆ ಕೊಟ್ಟ ಅಧಿಕ ಬೆಲೆ ನಷ್ಟದ ಬಾಬ್ತಾಗುತ್ತದೆ.

ಕೊಳ್ಳುವವರು ಗಮನಿಸಬೇಕಾದ ಅಂಶಗಳು

ಹಳೆಯ ಕಿಟ್ ಕೊಳ್ಳುವಾಗ ಪೆಟ್ಟಿಗೆಯ ಸ್ಥಿತಿ, ಭಾಗಗಳು ಪೂರ್ಣವಾಗಿರುವುದು, ಸೂಚನಾ ಪತ್ರ ಮತ್ತು ಡಿಕ್ಯಾಲ್ ಹಾಳೆ ಇವು ಮುಖ್ಯ. ಪೆಟ್ಟಿಗೆಯ ಮೇಲೆ ಅಥವಾ ಭಾಗಗಳ ಒಳಬದಿಯಲ್ಲಿ ನಮೂದಾಗಿರುವ ವರ್ಷವನ್ನು ತಯಾರಿಕೆಯ ವರ್ಷವೆಂದು ಭಾವಿಸಬಾರದು. ಅದು ಅಚ್ಚನ್ನು ಮಾಡಿಸಿದ ಅಥವಾ ಹಕ್ಕುಸ್ವಾಮ್ಯದ ವರ್ಷವಾಗಿರಬಹುದು, ಕಿಟ್ ಅದೆಷ್ಟೋ ವರ್ಷಗಳ ನಂತರ ಅಚ್ಚಾಗಿರಬಹುದು. ಮೇಲಿನ ತೆಳು ಪ್ಲಾಸ್ಟಿಕ್ ಹೊದಿಕೆಯೂ ಪೂರ್ಣ ಭರವಸೆ ನೀಡುವುದಿಲ್ಲ. ಯಂತ್ರವಿದ್ದರೆ ತೆರೆದ ಪೆಟ್ಟಿಗೆಗೂ ಹೊಸ ಹೊದಿಕೆ ಹಾಕಬಹುದು.

ಮುಚ್ಚಿದ ಪೆಟ್ಟಿಗೆಯೊಳಗೂ ಹಾನಿ ಸಂಭವಿಸುತ್ತದೆ. ವಿನೈಲ್ ಟೈರನ್ನು ಮೆದುವಾಗಿಸಲು ಬೆರೆಸಿದ ಪ್ಲಾಸ್ಟಿಸೈಸರ್ ಕಾಲಕ್ರಮದಲ್ಲಿ ಹೊರಬಂದು, ತಾಗಿಕೊಂಡಿರುವ ಪಾಲಿಸ್ಟೈರೀನ್ ಭಾಗವನ್ನು ಕರಗಿಸಿ ಗುರುತು ಮಾಡುತ್ತದೆ. ಆದ್ದರಿಂದ ಅನುಭವಿಗಳು ಟೈರುಗಳನ್ನು ಪ್ರತ್ಯೇಕ ಚೀಲದಲ್ಲಿ ಇಡುತ್ತಾರೆ. ಡಿಕ್ಯಾಲ್‌ಗಳು ಹಳದಿಗೊಳ್ಳುತ್ತವೆ. ಆರಂಭದ ಪ್ರಚಾರ ಮಾದರಿಗಳಲ್ಲಿ ಬಳಸಿದ ಅಸಿಟೇಟ್ ಪ್ಲಾಸ್ಟಿಕ್ ವರ್ಷಗಳು ಕಳೆದಂತೆ ಸೊಟ್ಟಗಾಗುತ್ತದೆ. ಪಾಲಿಸ್ಟೈರೀನ್ ಬಳಕೆಗೆ ಬಂದ ಮೇಲೆ ಈ ದೋಷ ದೂರವಾಯಿತು.

ಜೋಡಿಸುವ ಕುಶಲತೆ

ಸಂಗ್ರಹಿಸುವವರಿಗಿಂತ ಜೋಡಿಸುವವರ ಪರಿಶ್ರಮ ಬೇರೆ ಬಗೆಯದು. ಭಾಗಗಳನ್ನು ರನ್ನರ್‌ನಿಂದ ಎಳೆದು ಕೀಳದೆ ಕಟ್ಟರ್‌ನಿಂದ ಕತ್ತರಿಸಬೇಕು. ಅಚ್ಚಿನ ಎರಡು ಹೋಳುಗಳು ಸೇರುವ ಜಾಗದಲ್ಲಿ ಮೂಡುವ ಗೆರೆಯನ್ನು ಕೆರೆದು, ನೀರುಕಾಗದದಿಂದ ಉಜ್ಜಿ ನಯಗೊಳಿಸಬೇಕು. ಅಚ್ಚಿಗೆ ಹಚ್ಚಿದ ಎಣ್ಣೆಯ ಅಂಶ ಉಳಿದರೆ ಬಣ್ಣ ಹಿಡಿಯದಾದ್ದರಿಂದ ಸೋಪಿನ ನೀರಿನಲ್ಲಿ ತೊಳೆಯಬೇಕು. ಅನಂತರ ಪ್ರೈಮರ್, ಬಣ್ಣ, ಮೆರುಗು ಕ್ರಮವಾಗಿ ಬರುತ್ತವೆ. ಇಲ್ಲಿ ಬಳಸುವ ಅಂಟು ಪ್ಲಾಸ್ಟಿಕ್ಕನ್ನು ಕರಗಿಸಿ ಬೆಸೆಯುವ ದ್ರಾವಕ. ಒಂದು ಹನಿ ಹೆಚ್ಚಾದರೂ ಕೆಲಸ ಕೆಡುತ್ತದೆ.

ಹಿಂದೆ ಹುಡುಗರು ಅಂಟು ಸುರಿದು ಕಟ್ಟಿದ ಹಳೆಯ ಮಾದರಿಗಳನ್ನು ಕೊಂಡು, ಬಣ್ಣ ತೆಗೆದು, ನಾಜೂಕಾಗಿ ಬಿಡಿಸಿ ಮರುಜೋಡಿಸುವವರೂ ಇದ್ದಾರೆ. ಇಲ್ಲದ ಭಾಗಗಳ ಬೇಡಿಕೆಯನ್ನು ಪೂರೈಸಲು ಗೃಹೋದ್ಯಮಗಳು ಹುಟ್ಟಿಕೊಂಡಿವೆ. ಸಿಲಿಕೋನ್ ರಬ್ಬರಿನ ಅಚ್ಚಿನಲ್ಲಿ ರೆಸಿನ್ ಸುರಿದು ಅವರು ಕಾರಿನ ದೇಹಭಾಗಗಳನ್ನು ಎರಕ ಹೊಯ್ಯುತ್ತಾರೆ. ರಬ್ಬರ್ ಅಚ್ಚು ಕೆಲವೇ ಹತ್ತಾರು ಪ್ರತಿಗಳಿಗೆ ಸವೆಯುತ್ತದೆ. ಆದರೆ ಅಷ್ಟೇ ಬೇಡಿಕೆಯಿರುವ ಸರಕಿಗೆ ಉಕ್ಕಿನ ಅಚ್ಚು ಲಾಭದಾಯಕವಲ್ಲ ಎಂಬ ಲೆಕ್ಕವನ್ನು ಅವರು ಸರಿಯಾಗಿ ಅರಿತಿದ್ದಾರೆ.

ಕಂಪನಿ ಅಳಿದರೂ ಅಚ್ಚು ಉಳಿಯಿತು

1970ರ ದಶಕದ ನಂತರ ಈ ಉದ್ಯಮ ಇಳಿಮುಖವಾಯಿತು. 1973ರ ತೈಲ ಬಿಕ್ಕಟ್ಟಿನಿಂದ ಪ್ಲಾಸ್ಟಿಕ್ ದುಬಾರಿಯಾಯಿತು, ಹುಡುಗರ ಆಸಕ್ತಿ ಕ್ರಮೇಣ ವಿಡಿಯೋ ಆಟಗಳತ್ತ ಹೊರಳಿತು. ಎ.ಎಂ.ಟಿ.ಯನ್ನು 1978ರಲ್ಲಿ ಮ್ಯಾಚ್‌ಬಾಕ್ಸ್ ಖ್ಯಾತಿಯ ಲೆಸ್ನಿ ಕಂಪನಿ ಕೊಂಡಿತು. ಲೆಸ್ನಿ ಸ್ವತಃ ಕುಸಿದ ಮೇಲೆ ಆಟಿಕೆ ಟ್ರ್ಯಾಕ್ಟರ್‌ಗಳಿಗೆ ಹೆಸರಾದ ಎರ್ಟಲ್ ಅದನ್ನು ವಹಿಸಿಕೊಂಡಿತು. ಪ್ರತಿಸ್ಪರ್ಧಿ ಎಂ.ಪಿ.ಸಿ.ಯ ಅಚ್ಚುಗಳೂ 1980ರ ದಶಕದಲ್ಲಿ ಎರ್ಟಲ್‌ನ ಪಾಲಾದವು. ಇಂದು ಈ ಎರಡೂ ಹೆಸರುಗಳು ಇಂಡಿಯಾನಾ ರಾಜ್ಯದ ರೌಂಡ್ 2 ಕಂಪನಿಯ ಬಳಿ ಇವೆ. ಹಳೆಯ ಅಚ್ಚು, ಹಳೆಯ ಪೆಟ್ಟಿಗೆಯ ಚಿತ್ರ, ಹೊಸದಾಗಿ ಮುದ್ರಿಸಿದ ಉತ್ತಮ ಡಿಕ್ಯಾಲ್ ಇವೇ ಅದರ ವ್ಯಾಪಾರದ ಜೀವಾಳ. ಅಂದು ಕಿಟ್ ಕಟ್ಟಿದ ಹುಡುಗರೇ ಇಂದು ಬಿಡುವು ಮತ್ತು ಹಣ ಎರಡೂ ಇರುವ ಹಿರಿಯ ಗಿರಾಕಿಗಳು.

ರೆವೆಲ್ ಮತ್ತು ಮೊನೊಗ್ರಾಂ ಕಂಪನಿಗಳು 1986ರಲ್ಲಿ ಒಂದಾದವು. ಮುಂದೆ ಅವು ಸೇರಿದ್ದ ಹಾಬಿಕೊ ಸಂಸ್ಥೆ 2018ರಲ್ಲಿ ದಿವಾಳಿಯಾಯಿತು. ಆಗಲೂ ಅಚ್ಚುಗಳಿಗೆ ಗಿರಾಕಿಗಳಿದ್ದರು. ರೆವೆಲ್ ಹೆಸರು ಜರ್ಮನಿಯ ಹೂಡಿಕೆ ಸಂಸ್ಥೆಯೊಂದರ ವಶವಾದರೆ, ಹಳೆಯ ಅಚ್ಚುಗಳಲ್ಲಿ ಅನೇಕವನ್ನು ನ್ಯೂಯಾರ್ಕ್ ರಾಜ್ಯದ ಅಟ್ಲಾಂಟಿಸ್ ಎಂಬ ಸಣ್ಣ ಕಂಪನಿ ಕೊಂಡು ಮತ್ತೆ ಉತ್ಪಾದನೆಗೆ ಹಚ್ಚಿತು. ಜೋ-ಹಾನ್‌ನ ಅಚ್ಚುಗಳಿಗೆ ಈ ಭಾಗ್ಯವಿರಲಿಲ್ಲ. ಅವು ಚದುರಿಹೋದುದರಿಂದ ಆ ಕಂಪನಿಯ ಬಹುಪಾಲು ಕಾರುಗಳು ಮಾರುಕಟ್ಟೆಗೆ ಮರಳಿಲ್ಲ.

ಅಚ್ಚು ತನ್ನ ಹತೋಟಿಯಲ್ಲಿರಬೇಕು ಎಂಬುದನ್ನು ಜಪಾನಿನ ತಾಮಿಯಾ ಬೇಗ ಅರಿತಿತು. ಶಿಝುವೊಕಾ ನಗರದಲ್ಲಿ 1946ರಲ್ಲಿ ಮರದ ವ್ಯಾಪಾರವಾಗಿ ಆರಂಭವಾದ ಈ ಸಂಸ್ಥೆ 1960ರಲ್ಲಿ ಪ್ಲಾಸ್ಟಿಕ್ ಕಿಟ್‌ಗಳಿಗೆ ಇಳಿದು, ಅದೇ ದಶಕದಲ್ಲಿ ಅಚ್ಚು ತಯಾರಿಕೆಯ ಸ್ವಂತ ವಿಭಾಗವನ್ನು ಸ್ಥಾಪಿಸಿತು. ಬ್ರಿಟನ್ನಿನಲ್ಲಿ ಇದಕ್ಕೆ ವಿರುದ್ಧವಾದುದು ನಡೆಯಿತು. ಏರ್‌ಫಿಕ್ಸ್ ಕಿಟ್‌ಗಳು ಫ್ರಾನ್ಸಿನ ಹೆಲರ್ ಕಾರ್ಖಾನೆಯಲ್ಲಿ ಅಚ್ಚಾಗುತ್ತಿದ್ದವು. 2006ರಲ್ಲಿ ಹೆಲರ್ ಕುಸಿದಾಗ ಸರಬರಾಜು ನಿಂತು, ಏರ್‌ಫಿಕ್ಸ್‌ನ ಒಡೆತನ ಹೊಂದಿದ್ದ ಹಂಬ್ರೋಲ್ ಕೂಡ ಆಡಳಿತಾಧಿಕಾರಿಗಳ ವಶಕ್ಕೆ ಹೋಯಿತು. ಅದೇ ವರ್ಷ ಹಾರ್ನ್‌ಬಿ ಕಂಪನಿ ಅದನ್ನು ಕೊಂಡು ಉಳಿಸಿತು.

ಭಾರತದ ಸಂಬಂಧ

ನಮ್ಮ ದೇಶಕ್ಕೂ ಈ ಕತೆಯಲ್ಲಿ ಪಾತ್ರವಿದೆ. ಕಿಟ್‌ಗಳ ಸೋದರ ಸರಕಾದ ಲೋಹದ ಎರಕದ ಕಾರುಗಳಲ್ಲಿ ಲಿವರ್‌ಪೂಲ್‌ನ ಡಿಂಕಿ ಹೆಸರಾಂತದು. ಅದು ಕೈಬಿಟ್ಟ ಕೆಲವು ಅಚ್ಚುಗಳು 1960ರ ದಶಕದ ಕೊನೆಗೆ ಕಲ್ಕತ್ತೆಗೆ ಬಂದು, ಅವುಗಳಿಂದ ‘ನಿಕಿ ಟಾಯ್ಸ್’ ಎಂಬ ಹೆಸರಿನ ಕಾರುಗಳು ತಯಾರಾದವು. ಅಂದು ಮಕ್ಕಳ ಅಗ್ಗದ ಆಟಿಕೆಯಾಗಿದ್ದ ಅವುಗಳನ್ನು ಇಂದು ವಿದೇಶಿ ಸಂಗ್ರಾಹಕರು ಹುಡುಕಿ ಕೊಳ್ಳುತ್ತಾರೆ.

ಕಿಟ್‌ಗಳನ್ನು ಆಮದು ಮಾಡಿಕೊಳ್ಳಬಯಸುವ ವರ್ತಕರು ಒಂದು ವಿಷಯ ತಿಳಿದಿರಬೇಕು. ಸುಂಕದ ಪಟ್ಟಿಯಲ್ಲಿ ಅಳತೆಯ ಮಾದರಿಗಳು ಆಟಿಕೆಗಳ 9503ನೆಯ ಶೀರ್ಷಿಕೆಯಡಿಯಲ್ಲೇ ಬರುತ್ತವೆ. ಈ ಶೀರ್ಷಿಕೆಯ ಮೂಲ ಆಮದು ಸುಂಕವನ್ನು 2020ರಲ್ಲಿ ಶೇ. 20ರಿಂದ ಶೇ. 60ಕ್ಕೆ, 2023ರಲ್ಲಿ ಶೇ. 70ಕ್ಕೆ ಏರಿಸಲಾಯಿತು. 2021ರ ಜನವರಿಯಿಂದ ಆಟಿಕೆಗಳಿಗೆ ಭಾರತೀಯ ಮಾನಕ ಸಂಸ್ಥೆಯ ಗುರುತು ಕಡ್ಡಾಯವಾಗಿದೆ. ಸರಕು ತರಿಸುವ ಮೊದಲೇ ಚಾಲ್ತಿಯಲ್ಲಿರುವ ದರ ಹಾಗೂ ತಮ್ಮ ಸರಕಿಗೆ ಅನ್ವಯಿಸುವ ನಿಯಮಗಳನ್ನು ಕಸ್ಟಮ್ಸ್ ಏಜೆಂಟರಿಂದ ಖಚಿತಪಡಿಸಿಕೊಳ್ಳುವುದು ಲೇಸು.

ಸಣ್ಣ ತಯಾರಕರು ಗ್ರಹಿಸಬೇಕಾದುದು

ನಮ್ಮ ಅನೇಕ ಸಣ್ಣ ಕಾರ್ಖಾನೆಗಳಲ್ಲಿ ಆರ್ಡರು ನಿಂತ ಅಚ್ಚು ಮೂಲೆಗೆ ಸೇರುತ್ತದೆ. ತಂಪುನೀರಿನ ನಾಳಗಳಲ್ಲಿ ತೇವ ಉಳಿದು ತುಕ್ಕು ಹಿಡಿಯುತ್ತದೆ, ಕೊನೆಗೆ ತೂಕದ ಲೆಕ್ಕದಲ್ಲಿ ಗುಜರಿಗೆ ಹೋಗುತ್ತದೆ. ಲೆಕ್ಕಪತ್ರದಲ್ಲಿ ಸವಕಳಿ ಕಳೆದು ಅದರ ಮೌಲ್ಯ ಅತ್ಯಲ್ಪವಾಗಿರಬಹುದು. ಮಾರುಕಟ್ಟೆಯಲ್ಲಿ ಅದರ ಮೌಲ್ಯ ಬೇರೆಯೇ ಆಗಿರಬಹುದೆಂಬುದಕ್ಕೆ ಮೇಲಿನ ಕಂಪನಿಗಳೇ ಸಾಕ್ಷಿ. ನಾಳಗಳನ್ನು ಒಣಗಿಸಿ, ತುಕ್ಕುನಿರೋಧಕ ಎಣ್ಣೆ ಹಚ್ಚಿ, ಕೊನೆಯ ಬಾರಿ ತೆಗೆದ ಒಂದು ನಮೂನೆ ಮತ್ತು ನಕ್ಷೆಯ ಸಮೇತ ಸಂಖ್ಯೆ ಹಾಕಿ ಇಟ್ಟರೆ ಆಗುವ ಖರ್ಚು ಅಲ್ಪ. ಅಚ್ಚನ್ನು ತಿದ್ದುವ ಮೊದಲು ಹಳೆಯ ರೂಪ ಮತ್ತೆ ಬೇಕಾಗದು ಎಂಬುದನ್ನು ಖಚಿತಪಡಿಸಿಕೊಳ್ಳಬೇಕು. ಸಾಧ್ಯವಿದ್ದರೆ ಬದಲಾಗುವ ಭಾಗಕ್ಕೆ ಮಾತ್ರ ಕಳಚಿ ಹಾಕಬಹುದಾದ ತುಂಡನ್ನು ಮಾಡಿಸುವುದು ಉತ್ತಮ.

ಜಾಬ್‌ವರ್ಕ್‌ಗೆ ಕೊಟ್ಟ ಅಚ್ಚಿನ ವಿಷಯದಲ್ಲಿ ಇನ್ನಷ್ಟು ಎಚ್ಚರ ಅಗತ್ಯ. ಜಾಬ್‌ವರ್ಕರ್ ಬಳಿಯಿರುವ ಬಂಡವಾಳ ಸರಕನ್ನು ನಿಗದಿತ ಅವಧಿಯಲ್ಲಿ ಹಿಂದಕ್ಕೆ ತರಬೇಕೆಂಬ ಜಿ.ಎಸ್.ಟಿ. ನಿಯಮದಿಂದ ಅಚ್ಚು ಮತ್ತು ಡೈಗಳಿಗೆ ವಿನಾಯಿತಿ ಇದೆ. ಈ ಅನುಕೂಲವೇ ಅಚ್ಚು ವರ್ಷಗಟ್ಟಲೆ ಬೇರೆಯವರ ಸ್ಥಳದಲ್ಲಿ ಉಳಿಯಲು, ಮುಂದೆ ಒಡೆತನದ ವಿವಾದ ಹುಟ್ಟಲು ಅವಕಾಶ ಮಾಡಿಕೊಡಬಹುದು. ಅಚ್ಚು ಯಾರದು, ಕೆಲಸ ನಿಂತಾಗ ಎಷ್ಟು ದಿನಗಳಲ್ಲಿ ಮರಳಿಸಬೇಕು, ದುರಸ್ತಿಯ ಖರ್ಚು ಯಾರದು ಎಂಬುದನ್ನು ಬರವಣಿಗೆಯಲ್ಲಿ ಮಾಡಿಕೊಳ್ಳಬೇಕು, ಅಚ್ಚಿನ ಮೇಲೆಯೇ ಮಾಲೀಕರ ಹೆಸರನ್ನು ಕೆತ್ತಿಸಬೇಕು. 1960ರ ದಶಕದ ಉಕ್ಕು ಇಂದಿಗೂ ಕಿಟ್‌ಗಳನ್ನು ಕೊಡುತ್ತಿರುವುದು ಯಾರೋ ಒಬ್ಬರು ಅದನ್ನು ಒಣಗಿದ ಜಾಗದಲ್ಲಿ, ಚೀಟಿ ಕಟ್ಟಿ ಇಟ್ಟಿದ್ದುದರಿಂದ. ಅಷ್ಟು ಕೆಲಸವನ್ನು ನಮ್ಮ ಯಾವ ಕಾರ್ಖಾನೆಯೂ ಈ ತಿಂಗಳೇ ಆರಂಭಿಸಬಹುದು.